ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಮಾಯವಾದರೆ ಫೋನ್ ಹ್ಯಾಕ್ ಆಗಿದೆ ಅಂತಲೇ ಅರ್ಥವಾ?

2025ರ ಆಗಸ್ಟ್ ತಿಂಗಳ ಎರಡನೇ ಅರ್ಧದಲ್ಲಿ ನಮ್ಮ ದೇಶದ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಬಂದಾಗ ಕಾಣುವ ಪರದೆ ರಾತ್ರೋರಾತ್ರಿ ಬದಲಾಯಿತು. ಯಾರೂ ಅಪ್‌ಡೇಟ್ ಒತ್ತಿರಲಿಲ್ಲ, ಫೋನ್ ಆಫ್ ಆಗಿ ಆನ್ ಆಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಂಬರ್ ಒತ್ತುವ ಜಾಗ ಬೇರೆ, ಕರೆ ಎತ್ತುವ ರೀತಿ ಬೇರೆ, ಬಟನ್‌ಗಳ ಆಕಾರವೂ ಬೇರೆ.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿರುವ ನನ್ನ ಸೋದರಮಾವನಿಂದ ಆ ವಾರ ಒಂದೇ ಬೆಳಿಗ್ಗೆ ಮೂರು ಮಿಸ್ಡ್ ಕಾಲ್ ಬಂದಿದ್ದವು. ವಾಪಸ್ ಮಾಡಿದರೆ, ಎತ್ತಲು ಹೋಗಿ ಎರಡು ಸಲ ಕಟ್ ಮಾಡಿದರು. ಮೂರನೇ ಸಲ ಸಿಕ್ಕರು. "ತಮ್ಮಾ, ನನ್ನ ಫೋನಿನ ಒಳಗ ಯಾರೋ ಹೊಕ್ಕಾರ ನೋಡು. ನಿನ್ನೆ ತನಕ ಹಿಂಗಿದ್ದಿಲ್ಲ. ಬೋರ್‌ವೆಲ್ ರಿಪೇರಿಯವನ ಕಾಲ್ ಎತ್ತಾಕ ಬರಲಿಲ್ಲ, ಅವನು ಬ್ಯಾರೆ ಊರಿಗೆ ಹೋಗಿಬಿಟ್ಟ." ಜೊತೆಗೆ ಅವರಿಗೆ ಒಂದು ಫಾರ್ವರ್ಡ್ ಕೂಡ ಬಂದಿತ್ತು: ಕರೆಯ ಪರದೆ ಬದಲಾದವರ ಫೋನ್ ಹ್ಯಾಕ್ ಆಗಿದೆ, ಬ್ಯಾಂಕ್ ಖಾತೆ ಖಾಲಿಯಾಗುವ ಮುಂಚೆ ಫೋನ್ ಫುಲ್ ರೀಸೆಟ್ ಮಾಡಿ, ಇದನ್ನು ಎಲ್ಲ ಗುಂಪುಗಳಿಗೂ ಕಳಿಸಿ.

ಮಾವ ರೀಸೆಟ್ ಮಾಡುವ ಮೊದಲು ಫೋನ್ ಮಾಡಿದ್ದು ಒಳ್ಳೆಯದಾಯಿತು. ಯಾಕೆಂದರೆ ಆ ಫಾರ್ವರ್ಡ್‌ನಲ್ಲಿ ಹೇಳಿದ್ದ ಕಾಯಿಲೆ ಸುಳ್ಳು, ಹೇಳಿದ್ದ ಔಷಧ ಮಾತ್ರ ನಿಜವಾಗಿಯೂ ಅಪಾಯಕಾರಿ.

ಅವತ್ತು ಆಗಿದ್ದೇನು?

ಬದಲಾಗಿದ್ದು ಫೋನ್ ಅಲ್ಲ, ಫೋನಿನೊಳಗಿನ ಒಂದು ಆ್ಯಪ್. ನಾವು ಡಯಲರ್ ಅನ್ನುತ್ತೇವಲ್ಲ, ಹಸಿರೋ ನೀಲಿಯೋ ಬಣ್ಣದ ರಿಸೀವರ್ ಚಿತ್ರ ಇರುವುದು, ಅದೂ ಒಂದು ಆ್ಯಪ್. ಹಲವು ಕಂಪನಿಗಳ ಫೋನುಗಳಲ್ಲಿ ಕಾರ್ಖಾನೆಯಿಂದಲೇ ಗೂಗಲ್ ಕಂಪನಿಯ ಡಯಲರ್ ಹಾಕಿರುತ್ತಾರೆ. ಗೂಗಲ್ 2025ರ ಮೇ ತಿಂಗಳಲ್ಲಿ 'ಮೆಟೀರಿಯಲ್ 3 ಎಕ್ಸ್‌ಪ್ರೆಸಿವ್' ಎಂಬ ಹೊಸ ವಿನ್ಯಾಸವನ್ನು ಘೋಷಿಸಿತ್ತು. ಅದನ್ನು ಆಗಸ್ಟ್‌ನಲ್ಲಿ ಡಯಲರ್‌ಗೂ ತಂದಿತು. ಮೊದಲು ಬೇರೆಬೇರೆ ಇದ್ದ ಫೇವರಿಟ್ಸ್ ಮತ್ತು ಇತ್ತೀಚಿನ ಕರೆಗಳ ಪಟ್ಟಿ 'ಹೋಮ್' ಎಂಬ ಒಂದೇ ಪುಟಕ್ಕೆ ಸೇರಿದವು. ಕೀಪ್ಯಾಡ್‌ಗೆ ತನ್ನದೇ ಪುಟ ಬಂತು. ಹೆಸರುಗಳ ಪಟ್ಟಿ ಮೂಲೆಯ ಮೆನುವಿನೊಳಗೆ ಹೋಯಿತು. ಕರೆ ಎತ್ತಲು ಬೆರಳನ್ನು ಮೇಲಕ್ಕೆ ಎಳೆಯುತ್ತಿದ್ದವರು ಈಗ ಪಕ್ಕಕ್ಕೆ ಎಳೆಯಬೇಕಾಯಿತು. ನಲವತ್ತು ವರ್ಷ ಬಲಗೈಯಲ್ಲಿ ಬೀಗ ತೆಗೆದವನಿಗೆ ಒಂದು ದಿನ ಬೀಗವೇ ತಿರುಗುಮುರುಗಾದ ಹಾಗೆ.

"ನಾನು ಅಪ್‌ಡೇಟ್ ಮಾಡಿಯೇ ಇಲ್ಲವಲ್ಲ" ಎಂದು ಕೇಳಿದವರೇ ಹೆಚ್ಚು. ನ್ಯಾಯವಾದ ಪ್ರಶ್ನೆ. ಪ್ಲೇ ಸ್ಟೋರ್‌ನಲ್ಲಿ 'ಆಟೋ ಅಪ್‌ಡೇಟ್' ಆನ್ ಇದ್ದರೆ ಆ್ಯಪ್‌ಗಳು ಕೇಳದೆಯೇ ಹೊಸ ಆವೃತ್ತಿಗೆ ಹೋಗುತ್ತವೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದಾರಿಯಿದೆ. ಹೊಸ ವಿನ್ಯಾಸವನ್ನು ಮೊದಲೇ ಆ್ಯಪ್‌ನೊಳಗೆ ತುಂಬಿ ಕಳಿಸಿ, ಸ್ವಿಚ್ ಆಫ್ ಮಾಡಿ ಇಟ್ಟಿರುತ್ತಾರೆ. ಕಂಪನಿಯವರು ತಮ್ಮ ಸರ್ವರ್‌ನಿಂದ ಆ ಸ್ವಿಚ್ ಹಾಕಿದ ಕ್ಷಣ ನಿಮ್ಮ ಪರದೆ ಬದಲಾಗುತ್ತದೆ. ಮನೆಗೆ ವೈರಿಂಗ್ ಆಗಿ ತಿಂಗಳಾಗಿರುತ್ತದೆ, ಲೈನ್‌ಗೆ ಕರೆಂಟ್ ಇವತ್ತು ಬಿಟ್ಟರು, ಅಷ್ಟೆ. ಇದರಲ್ಲಿ ಕಳ್ಳತನವಿಲ್ಲ. ಆದರೆ ಕೇಳದೆ ಮಾಡಿದ್ದು ಸೌಜನ್ಯವೇ ಅಂದರೆ, ಅಲ್ಲ ಅಂತಲೇ ನನ್ನ ಅಭಿಪ್ರಾಯ. ವಯಸ್ಸಾದವರು ಕರೆ ಎತ್ತುವ ರೀತಿಯನ್ನು ಬದಲಿಸುವಾಗ ಒಂದು ಮಾತು ಹೇಳಿ ಬದಲಿಸಬಹುದಿತ್ತು.

ಮಾವನ ಸಮಸ್ಯೆ ಪರಿಹಾರವಾಗಿದ್ದು ಹೀಗೆ: ಡಯಲರ್ ತೆರೆದು, ಅದರ ಸೆಟ್ಟಿಂಗ್ಸ್‌ಗೆ ಹೋಗಿ, 'ಇನ್‌ಕಮಿಂಗ್ ಕಾಲ್ ಜೆಸ್ಚರ್' ಎಂಬಲ್ಲಿ 'ಸಿಂಗಲ್ ಟ್ಯಾಪ್' ಆರಿಸಿದೆವು. ಈಗ ಎಳೆಯುವುದೇ ಇಲ್ಲ, ಒತ್ತಿದರೆ ಕರೆ ಹತ್ತುತ್ತದೆ. ಎರಡು ನಿಮಿಷದ ಕೆಲಸ.

ಸೆಟ್ಟಿಂಗ್ ಎಲ್ಲಿ ಕೂತಿರುತ್ತದೆ?

ಅಕ್ಷರ ದೊಡ್ಡದು ಮಾಡಿಕೊಂಡಿದ್ದು, ಮಗಳಿಗೊಂದು ಬೇರೆ ರಿಂಗ್‌ಟೋನ್ ಇಟ್ಟಿದ್ದು, ಕೀಬೋರ್ಡ್‌ಗೆ ಕನ್ನಡ ಹಾಕಿದ್ದು, ಬೇಡದ ನಂಬರ್ ಬ್ಲಾಕ್ ಮಾಡಿದ್ದು, ಇವೆಲ್ಲ ಒಂದೇ ಕಡೆ ಇರುತ್ತವೆ ಅಂದುಕೊಳ್ಳುತ್ತೇವೆ. ಇಲ್ಲ. ಯಾವುದು ಎಲ್ಲಿದೆ ಎನ್ನುವುದರ ಮೇಲೆ ಅಪ್‌ಡೇಟ್ ಆದಾಗ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎನ್ನುವುದು ನಿಂತಿದೆ.

ಕೆಲವು ಸೆಟ್ಟಿಂಗ್‌ಗಳು ಆಯಾ ಆ್ಯಪ್‌ನ ಸ್ವಂತ ಕೋಣೆಯಲ್ಲಿ ಇರುತ್ತವೆ. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಒಂದು ಖಾಸಗಿ ಜಾಗ ಕೊಡುತ್ತದೆ, ಬೇರೆ ಆ್ಯಪ್‌ಗಳು ಅದರೊಳಗೆ ಇಣುಕುವಂತಿಲ್ಲ. ಕೆಲವು ಇಡೀ ಫೋನಿಗೆ ಸೇರಿದವು: ಅಕ್ಷರದ ಗಾತ್ರ, ಪರದೆಯ ಬೆಳಕು, ಬ್ಲಾಕ್ ಮಾಡಿದ ನಂಬರ್‌ಗಳ ಪಟ್ಟಿ. ಇನ್ನು ಕೆಲವು ನಿಮ್ಮ ಗೂಗಲ್ ಖಾತೆಯ ಜೊತೆ ಇಂಟರ್ನೆಟ್‌ನಲ್ಲಿರುತ್ತವೆ, ಫೋನ್ ಹೊಳೆಗೆ ಬಿದ್ದರೂ ಉಳಿಯುತ್ತವೆ. ಮತ್ತೆ ಕೆಲವು ಫೋನಿನಲ್ಲಿ ಇರುವುದೇ ಇಲ್ಲ. ಕಾಲ್ ಫಾರ್ವರ್ಡಿಂಗ್ ಇರುವುದು ಸಿಮ್ ಕೊಟ್ಟ ಕಂಪನಿಯ ನೆಟ್‌ವರ್ಕ್‌ನಲ್ಲಿ. ಯುಪಿಐ ಪಿನ್ ಪರಿಶೀಲನೆಯಾಗುವುದು ನಿಮ್ಮ ಬ್ಯಾಂಕಿನಲ್ಲಿ. ಹಾಗಾಗಿ "ಅಪ್‌ಡೇಟ್ ಆಗಿ ಯುಪಿಐ ಪಿನ್ ಅಳಿಸಿಹೋಗಿದೆ, ಈ ಲಿಂಕ್ ಒತ್ತಿ ಮತ್ತೆ ಹಾಕಿ" ಎಂದು ಯಾರಾದರೂ ಕಳಿಸಿದರೆ, ಅಳಿಸಲು ಅದು ಫೋನಿನಲ್ಲಿ ಇರಲೇ ಇಲ್ಲ ಎಂದು ನೆನಪಿಟ್ಟುಕೊಳ್ಳಿ.

ಹೆಚ್ಚು ತೊಂದರೆ ಆಗುವುದು ಆ್ಯಪ್‌ನ ಸ್ವಂತ ಕೋಣೆಯಲ್ಲಿರುವ ಸೆಟ್ಟಿಂಗ್‌ಗಳಿಗೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನೆಸಿಕೊಳ್ಳಿ. ಹಳೆಯ ಗುಮಾಸ್ತ "ದೊಡ್ಡಮನಿ ಗೌಡ್ರು: 450" ಎಂದು ಬರೆದಿಟ್ಟಿದ್ದಾನೆ. ಹೊಸ ಗುಮಾಸ್ತ ಬಂದ. ಪುಸ್ತಕ ಅಲ್ಲೇ ಇದೆ, ಒಂದು ಹಾಳೆಯೂ ಹರಿದಿಲ್ಲ. ಆದರೆ ಅವನು ಹುಡುಕುವುದು ಮನೆ ನಂಬರ್‌ನಿಂದ. ಮನೆ ನಂಬರ್ ಪುಸ್ತಕದಲ್ಲಿ ಇಲ್ಲ. "ನಿಮ್ಮ ಲೆಕ್ಕ ಇಲ್ಲ" ಅಂದುಬಿಡುತ್ತಾನೆ. ಆ್ಯಪ್‌ನಲ್ಲೂ ಇದೇ ಆಗುವುದು. ಹಳೆಯ ಆವೃತ್ತಿ 'ಅಕ್ಷರ ಗಾತ್ರ: ದೊಡ್ಡದು' ಎಂದು ಒಂದು ಹೆಸರಿನಲ್ಲಿ ಬರೆದಿಟ್ಟಿರುತ್ತದೆ, ಹೊಸ ಆವೃತ್ತಿ ಅದೇ ವಿಷಯವನ್ನು ಬೇರೊಂದು ಹೆಸರಿನಲ್ಲಿ ಹುಡುಕುತ್ತದೆ. ಸಿಗದಿದ್ದಾಗ ಕಂಪನಿ ಇಟ್ಟಿರುವ ಮೂಲ ಆಯ್ಕೆಯನ್ನೇ ಹಾಕಿಕೊಳ್ಳುತ್ತದೆ. ಇದಕ್ಕೆ ಡಿಫಾಲ್ಟ್ ಎನ್ನುತ್ತಾರೆ. ಒಳ್ಳೆಯ ಡೆವಲಪರ್‌ಗಳು ಹಳೆಯ ಲೆಕ್ಕವನ್ನು ಹೊಸ ಪುಸ್ತಕಕ್ಕೆ ಇಳಿಸುವ ಪ್ರೋಗ್ರಾಂ ಬರೆದಿರುತ್ತಾರೆ. ಮರೆತರೆ, ಅಥವಾ ಆ ಪ್ರೋಗ್ರಾಂ ಅರ್ಧದಲ್ಲಿ ಕೈಕೊಟ್ಟರೆ, ನಿಮ್ಮ ಆಯ್ಕೆ ಹೋಗುತ್ತದೆ.

ರಿಂಗ್‌ಟೋನ್ ಯಾಕೆ ಬದಲಾಗುತ್ತದೆ?

ಬಹಳ ಜನ ಕೇಳುವುದು ಇದನ್ನೇ, ಮತ್ತು ಇದಕ್ಕೊಂದು ಖಚಿತವಾದ ಕಾರಣವಿದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್ ತನ್ನ ನೋಟಿಫಿಕೇಶನ್‌ಗಳನ್ನು ಬೇರೆಬೇರೆ ವಿಭಾಗ ಮಾಡಬೇಕು. ಬ್ಯಾಂಕ್ ಆ್ಯಪ್ ಆದರೆ ಹಣದ ಸಂದೇಶ ಒಂದು ವಿಭಾಗ, ಜಾಹೀರಾತು ಇನ್ನೊಂದು. ಒಂದು ವಿಭಾಗ ಒಮ್ಮೆ ತಯಾರಾದ ಮೇಲೆ ಅದರ ಸದ್ದು, ಕಂಪನ, ಮೌನ ಎಲ್ಲವೂ ನಿಮ್ಮ ಕೈಯಲ್ಲಿ. ಆ್ಯಪ್ ಮಾಡಿದವರೂ ಅದನ್ನು ಮುಟ್ಟುವಂತಿಲ್ಲ. ಬಳಕೆದಾರರ ಪರವಾಗಿರುವ ಒಳ್ಳೆಯ ನಿಯಮ ಇದು.

ಆದರೆ ಡೆವಲಪರ್‌ಗೆ ಸದ್ದು ಬದಲಿಸಲೇಬೇಕು ಅನ್ನಿಸಿದರೆ ಅವನು ಮಾಡುವುದೇನು? ಹಳೆಯ ವಿಭಾಗ ಅಳಿಸಿ, ಅದೇ ಹೆಸರಿನ ಹೊಸ ವಿಭಾಗ ತೆರೆಯುತ್ತಾನೆ. ಹೊಸದಕ್ಕೆ ನಿಮ್ಮ ಹಳೆಯ ಆಯ್ಕೆ ಗೊತ್ತಿರುವುದಿಲ್ಲ. ನೀವು ಮೌನ ಮಾಡಿದ್ದ ಜಾಹೀರಾತು ಮತ್ತೆ ಕೂಗತೊಡಗುತ್ತದೆ, ನೀವು ಇಟ್ಟಿದ್ದ ಸದ್ದು ಹೋಗಿ ಬೇರೆಯದು ಬರುತ್ತದೆ. ಹಲವು ಫೋನುಗಳಲ್ಲಿ ಆ್ಯಪ್‌ನ ನೋಟಿಫಿಕೇಶನ್ ಪುಟದ ಕೊನೆಯಲ್ಲಿ ಇಷ್ಟು ವಿಭಾಗ ಅಳಿಸಲಾಗಿದೆ ಎಂಬ ಸಣ್ಣ ಸಾಲು ಕಾಣುತ್ತದೆ. ಕಂಡರೆ, ಆಗಿದ್ದು ಇದೇ. ಮತ್ತೊಮ್ಮೆ ಸದ್ದು ಆರಿಸಿದರೆ ಮುಗಿಯಿತು.

ಇನ್ನೊಂದು ಬದಲಾವಣೆ ಅಪ್‌ಡೇಟ್‌ನಿಂದ ಆಗುವುದೇ ಅಲ್ಲ, ಆದರೆ ಬೈಗುಳ ಅಪ್‌ಡೇಟ್‌ಗೆ ಬೀಳುತ್ತದೆ. 2020ರ ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ನೀವು ತೆರೆಯದ ಆ್ಯಪ್‌ಗೆ ಕೊಟ್ಟಿದ್ದ ಅನುಮತಿಗಳನ್ನು ಫೋನ್ ತಾನೇ ವಾಪಸ್ ಪಡೆಯುತ್ತದೆ. 2021ರ ಕೊನೆಗೆ ಹಳೆಯ ಆಂಡ್ರಾಯ್ಡ್ 6ರವರೆಗಿನ ಫೋನುಗಳಿಗೂ ಈ ಸೌಲಭ್ಯ ಬಂತು. ವರ್ಷಕ್ಕೊಮ್ಮೆ ಬೆಳೆ ಸಮೀಕ್ಷೆಗೋ ಬಸ್ ಟಿಕೆಟ್‌ಗೋ ತೆರೆಯುವ ಆ್ಯಪ್ "ಲೊಕೇಶನ್ ಕೊಡಿ, ಕ್ಯಾಮೆರಾ ಕೊಡಿ" ಎಂದು ಮತ್ತೆ ಕೇಳುವುದು ಇದಕ್ಕೇ.

ಹಾಗಾದರೆ ಅಪ್‌ಡೇಟ್‌ನಿಂದ ಏನೂ ಕಳೆದುಹೋಗುವುದಿಲ್ಲವೇ?

ಹೋಗುತ್ತದೆ. "ಅಪ್‌ಡೇಟ್‌ನಿಂದ ಏನೂ ಆಗಲ್ಲ, ಸುಮ್ಮನೆ ಹೆದರಬೇಡಿ" ಎನ್ನುವ ಮಾತೂ ಅರ್ಧ ಸುಳ್ಳೇ. ಕಂಪ್ಯೂಟರ್‌ನಲ್ಲಿ ಆದ ಎರಡು ಘಟನೆ ಹೇಳುತ್ತೇನೆ, ಎರಡಕ್ಕೂ ಇರುವ ವ್ಯತ್ಯಾಸ ಮುಖ್ಯ.

ಮೈಕ್ರೋಸಾಫ್ಟ್ 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ಆವೃತ್ತಿ ಬಿಟ್ಟಿತು. ನಾಲ್ಕೇ ದಿನಕ್ಕೆ, ಅಕ್ಟೋಬರ್ 6ರಂದು, ಅದನ್ನು ನಿಲ್ಲಿಸಬೇಕಾಯಿತು. ಅಪ್‌ಡೇಟ್ ಮಾಡಿದ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ನ ಫೈಲುಗಳು ನಿಜವಾಗಿಯೂ ಅಳಿಸಿಹೋಗಿದ್ದವು. ಕಾರಣ ಒಂದು ಸೆಟ್ಟಿಂಗ್. ಡಾಕ್ಯುಮೆಂಟ್ಸ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ವರ್ಗ ಮಾಡಿಕೊಂಡಿದ್ದವರ ಹಳೆಯ ಜಾಗದ ಫೋಲ್ಡರ್ ಖಾಲಿ ಬಿದ್ದಿದೆ ಎಂದು ತಿಳಿದು ಅಪ್‌ಡೇಟ್ ಅದನ್ನು ತೆಗೆದುಹಾಕಿತು. ಕೆಲವರು ಹಳೆಯ ಜಾಗದಲ್ಲೂ ಫೈಲುಗಳನ್ನು ಉಳಿಸಿದ್ದರು. ದೂರು ಬಂದಿದ್ದು ಈ ಆವೃತ್ತಿ ಹಾಕಿಕೊಂಡವರಲ್ಲಿ ಶೇ. 0.01ರಷ್ಟು ಮಂದಿಯಿಂದ ಎಂದು ಕಂಪನಿ ಹೇಳಿತು. ಹತ್ತು ಸಾವಿರಕ್ಕೆ ಒಬ್ಬರು. ಆ ಒಬ್ಬರಿಗೆ ಮಾತ್ರ ಅದು ನೂರಕ್ಕೆ ನೂರು. ಸರಿಪಡಿಸಿದ ಆವೃತ್ತಿ ಮತ್ತೆ ಬಂದಿದ್ದು ನವೆಂಬರ್ 13ಕ್ಕೆ.

ಎರಡನೆಯದು 2020ರ ಫೆಬ್ರುವರಿಯದು. ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟ್ ಆದಮೇಲೆ ಕೆಲವರ ಕಂಪ್ಯೂಟರ್ ಹೊಚ್ಚಹೊಸದರಂತೆ ತೆರೆದುಕೊಂಡಿತು. ಡೆಸ್ಕ್‌ಟಾಪ್ ಖಾಲಿ, ವಾಲ್‌ಪೇಪರ್ ಇಲ್ಲ, ಫೈಲ್ ಇಲ್ಲ, ಸೆಟ್ಟಿಂಗ್ ಇಲ್ಲ. ಎಲ್ಲ ಹೋಯಿತು ಎಂದು ತಲೆ ಮೇಲೆ ಕೈಹೊತ್ತವರು ಎಷ್ಟೋ. ಆದರೆ ಏನೂ ಹೋಗಿರಲಿಲ್ಲ. ಕಂಪ್ಯೂಟರ್ ತಪ್ಪಾಗಿ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ತೆರೆದುಕೊಂಡಿತ್ತು. ನಿಜವಾದ ಪ್ರೊಫೈಲ್ ಯೂಸರ್ಸ್ ಫೋಲ್ಡರ್‌ನಲ್ಲೇ, ಹೆಸರಿನ ಕೊನೆಗೆ '.000' ಎಂದೋ ಇನ್ನೇನೋ ಸೇರಿಕೊಂಡು ಕೂತಿತ್ತು. ಕೆಲವರಿಗೆ ಕಂಪ್ಯೂಟರ್ ಕೆಲವು ಸಲ ರೀಸ್ಟಾರ್ಟ್ ಮಾಡಿದ್ದಕ್ಕೇ ಸರಿಹೋಯಿತು. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಸಿದವರು ಇದ್ದಿದ್ದರೆ, ಅವರ ಫೈಲುಗಳನ್ನು ಅಳಿಸಿದ್ದು ಅಪ್‌ಡೇಟ್ ಅಲ್ಲ, ಆ ಫಾರ್ಮ್ಯಾಟ್.

ನಮ್ಮ ಕಡೆ ಹೊಸಪೇಟೆ, ಸಂಡೂರಿನಂಥ ಊರುಗಳ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಇದೇ ಜಾತಿಯ ಇನ್ನೊಂದು ಗಾಬರಿ ನೋಡಬಹುದು. ವಿಂಡೋಸ್ ಹೊಸದು ಹಾಕಿಸಿದ ಮೇಲೆ ಹಳೆಯ ಕನ್ನಡ ಫೈಲ್ ತೆರೆದರೆ ಕನ್ನಡದ ಬದಲು ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಕರಾರು ಪತ್ರ, ಲಗ್ನಪತ್ರಿಕೆ, ಸಂಘದ ಠರಾವು, ಎಲ್ಲ ಹಾಳಾಯಿತು ಎನ್ನುತ್ತಾರೆ. ಹಾಳಾಗಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಕನ್ನಡ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಾಗಿಯೇ ಉಳಿದಿರುತ್ತದೆ, ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟ್. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ವೇಷ ಕಳಚಿದೆ. ಅದೇ ಫಾಂಟ್ ಮತ್ತೆ ಹಾಕಿದರೆ ಪತ್ರ ಹಾಗೇ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಂಡರೆ ಈ ತಾಪತ್ರಯ ಮತ್ತೆ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ.

ಫಾರ್ವರ್ಡ್‌ನ ಔಷಧಗಳು

ಕಾಯಿಲೆ ಬಗ್ಗೆ ಸಾಕು. ನಿಜವಾದ ನಷ್ಟ ಆಗುವುದು ಔಷಧದಿಂದ.

ಮೊದಲನೆಯದು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'. ಆಗಸ್ಟ್‌ನಲ್ಲಿ ಡಯಲರ್ ಹಳೆಯ ರೂಪಕ್ಕೆ ಬರಲು ಎಲ್ಲರೂ ಹೇಳಿಕೊಟ್ಟ ದಾರಿ ಇದೇ. ಇದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಒತ್ತಿದಾಗ ಫೋನ್ ಒಂದು ಮಾತು ಕೇಳುತ್ತದೆ: ಕಾರ್ಖಾನೆಯ ಆವೃತ್ತಿಗೆ ಹೋಗುತ್ತೇನೆ, ಈ ಆ್ಯಪ್‌ನ ಡೇಟಾ ಎಲ್ಲ ಅಳಿಸಿಹೋಗುತ್ತದೆ, ಸರಿಯೇ? ಅದನ್ನು ಓದದೆ ಓಕೆ ಒತ್ತುವವರೇ ಹೆಚ್ಚು. ಹೊಸ ಗುಮಾಸ್ತ ಬರೆದ ಲೆಕ್ಕವನ್ನು ಹಳೆಯ ಗುಮಾಸ್ತ ಓದಲಾರ, ಅದಕ್ಕೇ ಪುಸ್ತಕವನ್ನೇ ಹರಿದು ಹಾಕುತ್ತದೆ. ಇತ್ತೀಚಿನ ಕರೆಗಳ ಪಟ್ಟಿ, ಬ್ಲಾಕ್ ಮಾಡಿದ ನಂಬರ್‌ಗಳು ಸಾಮಾನ್ಯವಾಗಿ ಫೋನಿನ ಬೇರೆ ಜಾಗದಲ್ಲಿ ಇರುವುದರಿಂದ ಉಳಿಯುತ್ತವೆ. ಆದರೆ ಡಯಲರ್‌ನೊಳಗೆ ನೀವು ಮಾಡಿಕೊಂಡಿದ್ದ ಸೆಟ್ಟಿಂಗ್‌ಗಳು ಹೋಗುತ್ತವೆ. ಜೊತೆಗೆ ಆ ಹಳೆಯ ಆವೃತ್ತಿ ಫೋನ್ ಮಾರಾಟವಾದ ದಿನದ್ದು, ಅಂದಿನಿಂದ ಮುಚ್ಚಿದ ಭದ್ರತೆಯ ಕಿಂಡಿಗಳೆಲ್ಲ ಮತ್ತೆ ತೆರೆದಂತೆ. ಇಷ್ಟಾಗಿಯೂ ಆಟೋ ಅಪ್‌ಡೇಟ್ ಆನ್ ಇದ್ದರೆ ಮತ್ತೆ ಹೊಸದೇ ಬಂದು ಕೂರುತ್ತದೆ.

ಎರಡನೆಯದು 'ಕ್ಲಿಯರ್ ಡೇಟಾ'. ಕೆಲವು ಫೋನುಗಳಲ್ಲಿ ಇದರ ಹೆಸರು 'ಕ್ಲಿಯರ್ ಸ್ಟೋರೇಜ್'. ಪಕ್ಕದಲ್ಲೇ 'ಕ್ಲಿಯರ್ ಕ್ಯಾಶೆ' ಇರುತ್ತದೆ. ಕ್ಯಾಶೆ ಅಂದರೆ ತಾತ್ಕಾಲಿಕ ಕಸ, ತೆಗೆದರೆ ನಷ್ಟವಿಲ್ಲ. ಡೇಟಾ ಅಂದರೆ ಆ ಆ್ಯಪ್‌ನ ಇಡೀ ಕೋಣೆ. ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ಒತ್ತಿದರೆ ಲಾಗ್‌ಔಟ್ ಆಗಿ, ಚಾಟ್‌ಗಳು ಹೋಗುತ್ತವೆ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬೆಳಗಿನ ಜಾವ 2 ಗಂಟೆಗೆ ಫೋನಿನೊಳಗೇ ಒಂದು ಪ್ರತಿ ತೆಗೆದಿಡುತ್ತದೆ, ಕೊನೆಯ ಏಳು ದಿನಗಳದ್ದು ಇರುತ್ತದೆ, ಅದರಿಂದ ಎಷ್ಟೋ ಸಲ ವಾಪಸ್ ಪಡೆಯಬಹುದು. ಗೂಗಲ್ ಖಾತೆಗೆ ಬ್ಯಾಕಪ್ ಇಟ್ಟಿದ್ದರೆ ಇನ್ನೂ ಸುಲಭ. ಎರಡೂ ಇಲ್ಲದಿದ್ದರೆ ಇಲ್ಲ. ಯುಪಿಐ ಆ್ಯಪ್‌ನಲ್ಲಿ ಒತ್ತಿದರೆ ಹಣಕ್ಕೇನೂ ಆಗುವುದಿಲ್ಲ, ಆದರೆ ಅದೇ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಮತ್ತೆ ನೋಂದಾಯಿಸಬೇಕು. ಸಂತೆಯ ದಿನ ಬೆಳಿಗ್ಗೆ ಇದು ಬೇಕೇ?

ಮೂರನೆಯದು, ಅತಿ ಕೆಟ್ಟದ್ದು, ಫ್ಯಾಕ್ಟರಿ ರೀಸೆಟ್. ಹಳ್ಳಿಗಳಲ್ಲಿ ಇದರ ನಷ್ಟ ಪಟ್ಟಣಕ್ಕಿಂತ ಹೆಚ್ಚು. ಕಾರಣ ಜಿಮೇಲ್. ಹೊಸ ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಯಾವುದೋ ಹೆಸರಿನಲ್ಲಿ ಒಂದು ಜಿಮೇಲ್ ಮಾಡಿ, ಯಾವುದೋ ಪಾಸ್‌ವರ್ಡ್ ಹಾಕಿ, ಪ್ಲೇ ಸ್ಟೋರ್ ತೆರೆದು ಕೊಟ್ಟಿರುತ್ತಾನೆ. ಕೊಂಡವರಿಗೆ ಅದರ ಅಗತ್ಯವೇ ಬೀಳುವುದಿಲ್ಲ, ಆ ಪಾಸ್‌ವರ್ಡ್ ಏನೆಂದು ಯಾರೂ ಕೇಳಿರುವುದಿಲ್ಲ. ಆದರೆ ಐದು ವರ್ಷದಿಂದ ಸೇರಿಸಿದ ಹೆಸರು ನಂಬರ್‌ಗಳು, ಕೆಲವೊಮ್ಮೆ ಫೋಟೋಗಳೂ ಆ ಖಾತೆಯಲ್ಲೇ ಕೂತಿರುತ್ತವೆ. ರೀಸೆಟ್ ಹೊಡೆದ ಮೇಲೆ ಅವನ್ನು ವಾಪಸ್ ತರಲು ಆ ಪಾಸ್‌ವರ್ಡ್ ಬೇಕು. ಅಷ್ಟೇ ಅಲ್ಲ, ಕಳವಾದ ಫೋನ್ ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಆಂಡ್ರಾಯ್ಡ್‌ನಲ್ಲಿ ಒಂದು ಬೀಗವಿದೆ. ಫೋನ್ ಆಫ್ ಮಾಡಿ, ಬಟನ್ ಒತ್ತಿಹಿಡಿದು ರೀಸೆಟ್ ಮಾಡಿದರೆ, ಆನ್ ಆದಾಗ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಅಥವಾ ಹಳೆಯ ಸ್ಕ್ರೀನ್ ಲಾಕ್ ಕೇಳುತ್ತದೆ. ಎರಡೂ ನೆನಪಿಲ್ಲ ಅಂದರೆ ಫೋನ್ ನಿಮ್ಮದೇ ಆದರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಮಾವನ ಫೋನಿನಲ್ಲೂ ಹೀಗೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್' ಎಂಬುದನ್ನು ಒತ್ತಿಸಿ, ಮೇಲೆ ಕಾಣುವ ಇಮೇಲ್ ಓದಿ ಅಂದೆ. ಓದಿದರು. "ಇದು ನನ್ನ ಹೆಸರಲ್ಲಲ್ಲೋ ತಮ್ಮಾ" ಅಂದರು. ಆ ಹೆಸರಿನವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ನಾಲ್ಕನೆಯದು ಎಪಿಕೆ. "ಹಳೆಯ ಡಯಲರ್ ಬೇಕಾದರೆ ಈ ಫೈಲ್ ಹಾಕಿಕೊಳ್ಳಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲ್. ಇಲ್ಲಿಂದ ಮುಂದೆ ನಿಜವಾದ ಹ್ಯಾಕಿಂಗ್ ಶುರು. 2021ರಲ್ಲಿ 'ಪಿಂಕ್ ವಾಟ್ಸ್‌ಆ್ಯಪ್' ಎಂಬ ಹೆಸರಿನಲ್ಲಿ, ಹೊಸ ಬಣ್ಣದ ಅಪ್‌ಡೇಟ್ ಎಂದು ಹೇಳಿ ಒಂದು ಲಿಂಕ್ ಗುಂಪುಗಳಲ್ಲಿ ಓಡಾಡಿತು. 2023ರ ಜೂನ್‌ನಲ್ಲಿ ಅದು ಮತ್ತೆ ಬಂದಾಗ ಮುಂಬೈ ಪೊಲೀಸರು ಎಚ್ಚರಿಕೆ ಕೊಟ್ಟರು. ಬಣ್ಣಕ್ಕಾಗಿ ಹಾಕಿಕೊಂಡ ಆ್ಯಪ್ ಫೋನನ್ನೇ ಪರರ ಕೈಗೆ ಕೊಡುತ್ತಿತ್ತು. ಈಚೆಗೆ ಇ-ಚಲನ್, ಪಿಎಂ ಕಿಸಾನ್ ಹೆಸರಿನಲ್ಲೂ ಇಂಥ ಫೈಲುಗಳು ಬರುತ್ತಿವೆ. ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿನಿಂದ ಬಂದ ಆ್ಯಪ್‌ಗೆ 'ಆ್ಯಕ್ಸೆಸಿಬಿಲಿಟಿ' ಅನುಮತಿ ಸುಲಭವಾಗಿ ಸಿಗುವುದಿಲ್ಲ, ಫೋನ್ ತಡೆಯುತ್ತದೆ. 'ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್ ಒತ್ತಿ' ಎಂದು ಯಾರಾದರೂ ಫೋನಿನಲ್ಲಿ ಹೇಳಿಕೊಡುತ್ತಿದ್ದರೆ, ಆ ತಡೆಯನ್ನು ನಿಮ್ಮ ಕೈಯಿಂದಲೇ ತೆಗೆಸುತ್ತಿದ್ದಾರೆ. ಅಲ್ಲಿಗೇ ಕರೆ ಕಟ್ ಮಾಡಿ.

ನಿಜವಾಗಿ ಹ್ಯಾಕ್ ಆಗಿದೆಯೇ ಎಂದು ನೋಡುವುದು ಹೇಗೆ?

ಪರದೆಯ ಬಣ್ಣ, ಬಟನ್‌ನ ಆಕಾರ, ರಿಂಗ್‌ಟೋನ್ ಬದಲಾಗುವುದು ಹ್ಯಾಕ್‌ನ ಗುರುತಲ್ಲ. ಕದಿಯಲು ಬಂದವನು ಮನೆಗೆ ಸುಣ್ಣ ಬಳಿದು ಹೋಗುವುದಿಲ್ಲ. ಅವನಿಗೆ ನಿಮಗೆ ಗೊತ್ತಾಗದಿರುವುದೇ ಬೇಕು. ಅನುಮಾನ ಇದ್ದರೆ ನೋಡಬೇಕಾದ ಜಾಗ ಬೇರೆ. ವಾಟ್ಸ್‌ಆ್ಯಪ್‌ನ 'ಲಿಂಕ್ಡ್ ಡಿವೈಸಸ್'ನಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದೆಯೇ? ಫೋನ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಪಟ್ಟಿಯಲ್ಲಿ ನೀವು ಹಾಕದ ಆ್ಯಪ್ ಆನ್ ಇದೆಯೇ? ಎಸ್ಸೆಮ್ಮೆಸ್‌ಗೆ ಡಿಫಾಲ್ಟ್ ಆಗಿ ಅಪರಿಚಿತ ಆ್ಯಪ್ ಕೂತಿದೆಯೇ? ಡಯಲರ್‌ನ ಕಾಲ್ ಫಾರ್ವರ್ಡಿಂಗ್‌ನಲ್ಲಿ ಗೊತ್ತಿಲ್ಲದ ನಂಬರ್ ಇದೆಯೇ? ಇವುಗಳಲ್ಲಿ ಒಂದಾದರೂ ಇದ್ದರೆ ಗಂಭೀರ. ಹಣ ಹೋಗಿದ್ದರಂತೂ ತಡಮಾಡದೆ 1930ಕ್ಕೆ ಕರೆ ಮಾಡಿ, ಅದೇ ದಿನ ಬ್ಯಾಂಕಿಗೂ ತಿಳಿಸಿ.

ಅಪ್‌ಡೇಟ್ ನಿಲ್ಲಿಸಿಬಿಟ್ಟರೆ?

ಈ ಸಲಹೆಯೂ ಬರುತ್ತದೆ, ಕೇಳಲು ಸರಿ ಅನಿಸುತ್ತದೆ. 2019ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ದೋಷ ಬಯಲಾಯಿತು. ವಾಟ್ಸ್‌ಆ್ಯಪ್ ಕರೆ ಬಂದರೆ ಸಾಕು, ನೀವು ಎತ್ತದಿದ್ದರೂ ಬೇಹುಗಾರಿಕೆಯ ಸಾಫ್ಟ್‌ವೇರ್ ಫೋನಿನೊಳಗೆ ಕೂರಬಹುದಿತ್ತು. ಅದಕ್ಕೆ ಇದ್ದ ಪರಿಹಾರ ಒಂದೇ, ಅಪ್‌ಡೇಟ್. ಸೆಟ್ಟಿಂಗ್ ಹೋದರೆ ಹತ್ತು ನಿಮಿಷದ ಕಿರಿಕಿರಿ. ಕಿಂಡಿ ತೆರೆದೇ ಬಿಟ್ಟರೆ ಏನು ಹೋಗುತ್ತದೆ ಎಂಬುದಕ್ಕೆ ಲೆಕ್ಕ ಇರುವುದಿಲ್ಲ. ಇಡೀ ಫೋನಿನ ದೊಡ್ಡ ಅಪ್‌ಡೇಟ್ ಬಂದಾಗ ಒಂದೆರಡು ವಾರ ಕಾಯುವುದರಲ್ಲಿ ತಪ್ಪಿಲ್ಲ, 2018ರ ವಿಂಡೋಸ್ ಕಥೆ ಅದನ್ನೇ ಹೇಳುತ್ತದೆ. ತಿಂಗಳ ಭದ್ರತಾ ಅಪ್‌ಡೇಟ್ ಮತ್ತು ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳನ್ನು ಮಾತ್ರ ತಡೆಹಿಡಿಯಬೇಡಿ.

ಮುಂಚೆಯೇ ಮಾಡಿಟ್ಟುಕೊಳ್ಳುವ ಕೆಲಸ ಹೆಚ್ಚಿಲ್ಲ. ನಿಮಗೆ ಒಗ್ಗಿದ ಸೆಟ್ಟಿಂಗ್‌ಗಳ ಪುಟ ತೆರೆದು ಸ್ಕ್ರೀನ್‌ಶಾಟ್ ಹೊಡೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ಹಿರಿಯರಿರುವ ಮನೆಯಲ್ಲಿ ಅಕ್ಷರದ ಗಾತ್ರ, ರಿಂಗ್‌ಟೋನ್, ಕೀಬೋರ್ಡ್ ಭಾಷೆ, ಕರೆ ಎತ್ತುವ ರೀತಿ, ಈ ನಾಲ್ಕರದ್ದು ಇದ್ದರೆ ಸಾಕು. ಗೂಗಲ್ ಬ್ಯಾಕಪ್ ಆನ್ ಇದ್ದರೂ ಅದು ಓಡುವುದು ಸಾಮಾನ್ಯವಾಗಿ ಫೋನ್ ಚಾರ್ಜ್‌ಗೆ ಹಾಕಿ, ಬಳಸದೆ ಬಿಟ್ಟು, ವೈಫೈ ಸಿಕ್ಕಾಗ. ವೈಫೈ ಇಲ್ಲದ ಮನೆಯಲ್ಲಿ ತಿಂಗಳುಗಟ್ಟಲೆ ಓಡಿರದೇ ಇರಬಹುದು. ಕೊನೆಯ ಬ್ಯಾಕಪ್ ಯಾವಾಗ ಆಗಿದೆ ಎಂದು ಸೆಟ್ಟಿಂಗ್ಸ್‌ನಲ್ಲೇ ಬರೆದಿರುತ್ತದೆ, ಒಮ್ಮೆ ನೋಡಿ. ವೈಫೈ ಇರುವ ಮನೆಗೆ ಹೋದಾಗ ಅದಕ್ಕೆ ಸೇರಿಸಿ ಒಂದು ರಾತ್ರಿ ಚಾರ್ಜ್‌ಗೆ ಹಾಕಿದರೆ ಆಯಿತು.

ಜಿಮೇಲ್ ಪಾಸ್‌ವರ್ಡ್ ಗೊತ್ತಿಲ್ಲದವರು ಫೋನ್ ಸರಿಯಾಗಿ ನಡೆಯುತ್ತಿರುವಾಗಲೇ ಬದಲಿಸಿಕೊಳ್ಳುವುದು ಒಳ್ಳೆಯದು. ಗೂಗಲ್ ಖಾತೆಯ 'ಸೆಕ್ಯುರಿಟಿ' ಪುಟಕ್ಕೆ ಹೋಗಿ ಪಾಸ್‌ವರ್ಡ್ ಮರೆತಿದೆ ಎಂದರೆ, ಎಷ್ಟೋ ಸಲ ಫೋನಿನ ಸ್ಕ್ರೀನ್ ಲಾಕ್ ಕೊಟ್ಟೇ ಹೊಸದು ಹಾಕಲು ಬಿಡುತ್ತದೆ. ನಂತರ ರಿಕವರಿ ನಂಬರ್ ಜಾಗದಲ್ಲಿ ಅಂಗಡಿಯವನ ನಂಬರ್ ಇದ್ದರೆ ತೆಗೆದು ನಿಮ್ಮದು ಹಾಕಿ. ಮಾವನದನ್ನು ದಸರೆಗೆ ಹೋದಾಗ ಕೂತು ಮಾಡಿದೆವು. ಹೊಸ ಪಾಸ್‌ವರ್ಡ್ ಈಗ ಪಹಣಿ, ಪಾಸ್‌ಬುಕ್ ಇಡುವ ಟ್ರಂಕಿನಲ್ಲಿ, ಒಂದು ಚೀಟಿಯಲ್ಲಿದೆ. ಖಾತೆಯ ಹೆಸರು ಮಾತ್ರ ಇನ್ನೂ ಆ ಅಪರಿಚಿತನದೇ.